ಹುಟ್ಟಿದ ಊರು, ತೀರಿಕೊಂಡ ವರ್ಷ, ಅಂಕಿತ

ಸಂಗೀತದ ಜೂನಿಯರ್ ಪರೀಕ್ಷೆಗೆ ಓದುತ್ತಿರೋ ಯಾರನ್ನಾದರೂ ಕೇಳಿ ನೋಡಿ, ವಾಗ್ಗೇಯಕಾರರ ಚರಿತ್ರೆಯನ್ನ ಒಂದೇ ಉಸಿರಲ್ಲಿ ಒಪ್ಪಿಸಿಬಿಡ್ತಾರೆ. ಪುರಂದರದಾಸರು: 1484ರಿಂದ 1564, ಮೂಗುತಿಯ ಕಥೆ, ಅಂಕಿತ ಪುರಂದರವಿಠಲ. ತ್ಯಾಗರಾಜರು: 1767ರಿಂದ 1847, ಹುಟ್ಟಿದ್ದು ತಿರುವಾರೂರು, ಕಾವೇರಿಯಲ್ಲಿ ಸಿಕ್ಕ ರಾಮನ ವಿಗ್ರಹ. ಮುತ್ತುಸ್ವಾಮಿ ದೀಕ್ಷಿತರು: ತೀರಿಕೊಂಡಿದ್ದು 1835, ತಿರುತ್ತಣಿಯ ಕಲ್ಲುಸಕ್ಕರೆ, ಅಂಕಿತ ಗುರುಗುಹ. ಹೆಸರು, ಊರು, ಪವಾಡ, ಅಂಕಿತ. ನಾಲ್ಕು ಕಾಲಂ ತುಂಬಿದರೆ ಉತ್ತರ ಮುಗೀತು.

ನನ್ನ ತಕರಾರು ಇಸವಿಗಳ ಬಗ್ಗೆ ಅಲ್ಲ, ಅವು ಗೊತ್ತಿರಬೇಕು. ಪವಾಡದ ಕಥೆಗಳೂ ಇರಲಿ. ತಕರಾರು ಇರೋದು ಎಲ್ಲರ ಕೈಗೂ ಒಂದೇ ಫಾರಂ ಕೊಡೋದರ ಬಗ್ಗೆ. ಈ ಫಾರಂ ತುಂಬೋಕೆ ಹಾಡು ಕೇಳಬೇಕಾಗಿಯೇ ಇಲ್ಲ! ಕಿವುಡನೂ ಪೂರ್ತಿ ಅಂಕ ತಗೋಬಹುದಾದ ಪ್ರಶ್ನೆಯನ್ನ ಸಂಗೀತದ ಪ್ರಶ್ನೆ ಅಂತ ಹೇಗೆ ಕರೆಯೋದು?

ವಿಮಾನಪುರದಲ್ಲಿ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಸೇರ್ತೀವಿ. ಎಲ್ಲರೂ ಮೂವತ್ತು ದಾಟಿದ ಮೇಲೆ ಸರಳೆ ವರಸೆ ಶುರು ಮಾಡಿದವರು. ತೆಲುಗು ಮನೆಮಾತಿನ ಒಬ್ಬ ಟೆಸ್ಟಿಂಗ್ ಇಂಜಿನಿಯರ್, ಚರ್ಚಿನ ಕ್ವೈರ್‌ನಲ್ಲಿ ಹಾಡಿ ಬೆಳೆದ ಹಲಸೂರಿನ ಗೆಳೆಯ, ಎಚ್‌ಎಎಲ್‌ನಿಂದ ನಿವೃತ್ತರಾಗಿ ವೀಣೆ ಹಿಡಿದ ಅಂಕಲ್, ಮತ್ತೆ ಊರಿನ ಭಜನೆ ಮನೆಯಲ್ಲಿ ತಾಳ ಹಾಕಿ ಬಂದ ನಾನು. ತಿಂಗಳಿಗೆ ಒಬ್ಬ ವಾಗ್ಗೇಯಕಾರರನ್ನ ಹಿಡ್ಕೊಳ್ತೀವಿ. ಫಾರಂ ಪಕ್ಕಕ್ಕಿಟ್ಟು ಕೇಳೋದು ಎರಡೇ ಪ್ರಶ್ನೆ. ವಾಗ್ಗೇಯಕಾರ ಅಂದರೆ ವಾಕ್ ಮತ್ತು ಗೇಯ, ಅಂದರೆ ಮಾತು ಮತ್ತು ಧಾಟಿ, ಎರಡನ್ನೂ ತಾನೇ ಕಟ್ಟುವವನು. ಹಾಗಾದರೆ ನಾವು ಹಾಡ್ತಿರೋ ಹಾಡಿನಲ್ಲಿ ವಾಕ್ ಯಾರದು? ಗೇಯ ಯಾರದು? ಇಷ್ಟು ಕೇಳಿದ್ದಕ್ಕೇ ಫಾರಂನ ಕಾಲಂಗಳು ಅಲ್ಲಾಡಿಹೋದವು.

ಮೊದಲು ಪುರಂದರದಾಸರು. ಕರ್ನಾಟಕ ಸಂಗೀತ ಪಿತಾಮಹ ಅನ್ನೋದು ಎಲ್ಲರಿಗೂ ಗೊತ್ತು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಮಲಹರಿಯಲ್ಲಿ ಪಿಳ್ಳಾರಿ ಗೀತೆ, ಪಾಠದ ಈ ಕ್ರಮ ಅವರದೇ ಅಂತ ಪರಂಪರೆ ಹೇಳುತ್ತೆ. ಆದರೆ ಪದಗಳ ಧಾಟಿ? ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ತಗೊಳ್ಳಿ. ಭೀಮಸೇನ ಜೋಶಿಯವರದು ಒಂದು ಧಾಟಿ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಮಧ್ಯಮಾವತಿಯೋ ಶ್ರೀ ರಾಗವೋ. ನಮ್ಮೂರ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದವರಿಗೆ ತೋಚಿದ್ದು. ಹಳೆಯ ಬರಹಗಳಲ್ಲಿ ರಾಗ ತಾಳದ ಹೆಸರಿರೋ ಕಡೆಯೂ ಸ್ವರಲಿಪಿ ಇಲ್ಲ. ದಾಸರ ವಾಕ್ ನಮ್ಮ ತನಕ ಬಂತು, ಗೇಯ ಬಹುಪಾಲು ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಸಿಕ್ಕಿದೆ, ಗಿಟ್ ಹಿಸ್ಟರಿ ಇಲ್ಲ.

ಇದರಿಂದ ದಾಸರು ಸಣ್ಣವರಾಗಲ್ಲ. ಧಾಟಿ ಕಳೆದುಹೋದರೂ ನೂರು ಧಾಟಿಯಲ್ಲಿ ಬದುಕೋ ಮಾತು ಬರೆದವರು ಅವರು. ಜೊತೆಗೆ, ಹೆಸರೇ ಇಲ್ಲದ ಎಷ್ಟೋ ಭಜನೆಯವರಿಗೂ ಸಂಗೀತದ ಚರಿತ್ರೆಯಲ್ಲಿ ಒಂದು ಜಾಗ ಸಿಗುತ್ತೆ. ಇಂಥ ಪದ ಇಂಥ ರಾಗ ಅಂತ ಬಾಯಿಪಾಠ ಮಾಡಿಸೋ ಪಾಠಕ್ರಮದಲ್ಲಿ ಆ ಜಾಗ ಇಲ್ಲ. ನಮ್ಮೂರ ಧಾಟಿ ತಪ್ಪು, ಕಛೇರಿಯದು ಸರಿ ಅಂತ ಹಳ್ಳಿಯಿಂದ ಬಂದ ಹುಡುಗರು ಅಂದ್ಕೊಳ್ಳೋದು ಇಲ್ಲಿಂದಲೇ ಅಲ್ವಾ?

ದೀಕ್ಷಿತರ ತಿಂಗಳಲ್ಲಿ ಆಗಿದ್ದು ಇದಕ್ಕೆ ತಿರುವುಮುರುವು. ಅವರ ಕೃತಿಗಳ ಸ್ವರಲಿಪಿ ಸಿಗುತ್ತೆ. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಇದೆ. ಆದರೆ ನೊಟ್ಟುಸ್ವರ ಅಂತ ಮಕ್ಕಳಿಗೆ ಹೇಳಿಕೊಡ್ತಾರಲ್ಲ, ‘ಶಕ್ತಿಸಹಿತ ಗಣಪತಿಂ’ ಥರದವು, ಅಂಥ ಸುಮಾರು 40 ರಚನೆಗಳ ಕಥೆಯೇ ಬೇರೆ. ಮದ್ರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಕೇಳಿದರು. ತಮ್ಮ ಬಾಲುಸ್ವಾಮಿ ಅಲ್ಲೇ ಪಿಟೀಲು ಕಲಿತರು. ‘ಸಂತತಂ ಪಾಹಿಮಾಂ’ ಹಾಕಿದ ತಕ್ಷಣ ನಮ್ಮ ಚರ್ಚ್ ಗೆಳೆಯ ಎದ್ದು ನಿಂತು ಸಲ್ಯೂಟ್ ಹೊಡೆದ. ಅದು ‘ಗಾಡ್ ಸೇವ್ ದ ಕಿಂಗ್’ ಧಾಟಿ! ನಾವು ಮೂವರಿಗೂ ಅದು ಬರೀ ಶಂಕರಾಭರಣ ಆಗಿ ಕೇಳಿಸಿತ್ತು. ಇಲ್ಲಿ ವಾಕ್ ದೀಕ್ಷಿತರದು, ಗೇಯ ದಂಡಿನದು. ನಮ್ಮ ಬೆಂಗಳೂರು ದಂಡು ಶುರುವಾಗಿದ್ದು 1809ರಲ್ಲಿ, ಆಗ ದೀಕ್ಷಿತರು ಮೂವತ್ತು ದಾಟಿದ ಗೃಹಸ್ಥರು. ಕಲ್ಲುಸಕ್ಕರೆ ಕಥೆ ಪರೀಕ್ಷೆಯ ಉತ್ತರದಲ್ಲಿ ಎಲ್ಲರೂ ಬರೀತಾರೆ, ಬ್ಯಾಂಡಿನ ಕಥೆ ಬರೆಯೋರು ಕಮ್ಮಿ. ಪವಾಡಕ್ಕಿಂತ ಇದೇ ದೊಡ್ಡ ಅಚ್ಚರಿ ಅಂತ ನನಗನಿಸುತ್ತೆ.

ಮೂರನೆಯವರು ನಮ್ಮ ಏರಿಯಾಕ್ಕೇ ಸಂಬಂಧಪಟ್ಟವರು. 1940ರ ಸೆಪ್ಟೆಂಬರಿನಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು. ಅದೇ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದಾಗ ಜಾಗ ಮತ್ತು ಬಂಡವಾಳ ಕೊಟ್ಟಿದ್ದು ಮೈಸೂರು ಸರ್ಕಾರ. ಪಿಯಾನೋ ಕಲಿತಿದ್ದ ಈ ಅರಸರು ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್. ರಷ್ಯಾದ ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚೆರ್ಟೋ ಅರ್ಪಿಸಿದ್ದು ಇವರಿಗೆ, ಯಾಕಂದರೆ ಅವನ ರೆಕಾರ್ಡಿಂಗ್‌ಗಳಿಗೆ ದುಡ್ಡು ಕೊಟ್ಟವರು ಇವರೇ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಸಲ ಹಾಡಿದಾಗ ಖರ್ಚಿಗೆ ಜಾಮೀನು ನಿಂತವರೂ ಇವರೇ.

ಇಷ್ಟು ಹೇಳಿದ ಮೇಲೆ ಎಲ್ಲರೂ ‘ಎಂಥ ರಾಜರು!’ ಅಂತ ಸುಮ್ಮನಾಗ್ತಾರೆ. ಅವರ 94 ಕೃತಿಗಳು? ಇಲ್ಲಿ ವಾಕ್, ಗೇಯ ಎರಡೂ ಅವರದೇ. ಸಂಸ್ಕೃತ ಸಾಹಿತ್ಯ, ಅಂಕಿತ ಶ್ರೀವಿದ್ಯಾ. ಆದರೆ ಮಾತಾಡೋದು ಮಾತ್ರ ಪೋಷಕರ ಬಗ್ಗೆ. ನಾವು ಕೂತು ಕೇಳಿದ್ವಿ. ಗಂಭೀರನಾಟದ ‘ಶ್ರೀ ಜಾಲಂಧರ’ ತುಂಬ ಗಟ್ಟಿ ಕೃತಿ. ಮಿಕ್ಕ ಕೆಲವು ಕೃತಿಗಳಲ್ಲಿ ದೇವಿಯ ಹೆಸರುಗಳು ಒಂದರ ಮೇಲೊಂದು ಬಂದು ರಾಗಕ್ಕೆ ಉಸಿರಾಡೋಕೆ ಜಾಗವೇ ಸಾಲಲ್ಲ ಅನಿಸಿತು. ದೀಕ್ಷಿತರ ನೆರಳು ದಟ್ಟವಾಗಿದೆ. ವೀಣೆ ಅಂಕಲ್ ಇದನ್ನ ಒಪ್ಪಲ್ಲ. ‘ನೀನು ಹಾಡಿ ನೋಡಿಲ್ಲ ಕಣಯ್ಯ, ಬೆರಳಿಗೆ ಗೊತ್ತಾಗುತ್ತೆ ಅದರ ರುಚಿ’ ಅಂತಾರೆ. ಜಗಳ ಇನ್ನೂ ನಡೀತಿದೆ, ನಡೀಲಿ.

ಎಲ್ಲರೂ ಒಪ್ಪಿದ್ದು ಒಂದು ಮಾತು. ನಾವು ಕೇಳಿದಷ್ಟರಲ್ಲಿ ಈ ಕೃತಿಗಳಲ್ಲಿ ಪಿಯಾನೋದ ಸುಳಿವೇ ಇಲ್ಲ. ಬ್ಯಾಂಡನ್ನ ಹೊರಗೆ ನಿಂತು ಕೇಳಿದ ದೀಕ್ಷಿತರು ಆ ಧಾಟಿಯನ್ನ ಮನೆಯೊಳಕ್ಕೆ ಕರ್ಕೊಂಡು ಬಂದರು. ಲಂಡನ್ನಿನ ಡಿಪ್ಲೊಮಾ ಇದ್ದ ಅರಸರು ಅದನ್ನ ಪಿಯಾನೋ ಕೋಣೆಯಲ್ಲೇ ಬಿಟ್ಟು ಪೂಜೆಗೆ ಕೂತರು. ಯಾಕೆ? ಈ ಪ್ರಶ್ನೆ ಬರೀ ಇಸವಿಯಿಂದ ಹುಟ್ಟಲ್ಲ. ಇಬ್ಬರನ್ನೂ ಒಟ್ಟಿಗೆ, ನಾಲ್ಕು ಥರದ ಕಿವಿಗಳ ಮಧ್ಯೆ ಕೇಳಿದಾಗ ಹುಟ್ಟುತ್ತೆ. ಒಬ್ಬನೇ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದರೆ ನನಗಂತೂ ಆ ಸಲ್ಯೂಟ್ ಹೊಳೀತಿರಲಿಲ್ಲ.

ನೀವೂ ಆಫೀಸು ಮುಗಿಸಿ ಸಂಗೀತಕ್ಕೆ ಹೋಗ್ತಿದ್ದರೆ ಪರೀಕ್ಷೆಗೆ ಫಾರಂ ತುಂಬಿ ಬನ್ನಿ, ಅಂಕ ಬೇಕಲ್ಲ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಐದನೇ ಕಾಲಂ ಒಂದು ಎಳೆದುಕೊಳ್ಳಿ: ಇದರಲ್ಲಿ ಅವರದು ಎಷ್ಟು, ನಮ್ಮ ತನಕ ತಂದುಕೊಟ್ಟವರು ಯಾರು. ಅದನ್ನ ತುಂಬೋಕೆ ಹಾಡು ಕೇಳಲೇಬೇಕು, ಪಕ್ಕದಲ್ಲಿ ಇನ್ನೊಬ್ಬರೂ ಬೇಕು.