ತಲಕಾಡಿನ ಶಾಪಕಥನ: ನಂಬಿಕೆಯ ತರ್ಕ

ಬದನವಾಳಿನ ನೆರೆಯ ತಾಲ್ಲೂಕಾದ ತಿ. ನರಸೀಪುರದ ತಲಕಾಡು ಮರಳಿನಲ್ಲಿ ಹೂಳಲೆಂದೂ, ಮೈಸೂರು ಅರಸರಿಗೆ ಸಂತಾನ ನಿಲ್ಲದಿರಲೆಂದೂ ಅಲಮೇಲಮ್ಮ ಶಪಿಸಿದಳೆಂಬ ಐತಿಹ್ಯದ ಮನವೊಲಿಸುವ ಬಗೆ ಪರಿಶೀಲನಾರ್ಹವಾದುದು. ಗಾಳಿ ಒಟ್ಟಿದ ಮರಳು ಕಣ್ಣಿಗೆ ಕಾಣುವುದರಿಂದ ಕಾಣದ ಶಾಪವೂ ನಿಜವೆನಿಸುತ್ತದೆ. 1884ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, 1953ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಅರಸರ ಔರಸಪುತ್ರರಾಗಿಯೇ ಜನಿಸಿದರು. ಶಾಪವು ತಲೆಮಾರು ಬಿಟ್ಟು ತಲೆಮಾರಿಗೆ ತಟ್ಟುತ್ತದೆಂದು ಕಥನವು ಇದನ್ನು ಅರಗಿಸಿಕೊಂಡಿದೆ. 2017ರಲ್ಲಿ ಯದುವೀರರಿಗೆ ಪುತ್ರ ಜನಿಸಿದಾಗಲೂ ಶಾಪ ಸುಳ್ಳೆನ್ನಲಿಲ್ಲ, ನೀಗಿತೆಂದರು.

ಐತಿಹ್ಯದಲ್ಲಿ ಈ ತರ್ಕ ಸೋತ ಹೆಣ್ಣಿಗೆ ನ್ಯಾಯ ಬೇಡುತ್ತದೆ. ವದಂತಿಯಲ್ಲಿ ಅದೇ ತರ್ಕ ಮಾರಕ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪಹರಣದ ಪುರಾವೆಯೆನಿಸಿ ಅಮಾಯಕನೊಬ್ಬ ಹತನಾದ. ಪ್ರತಿಸಾಕ್ಷ್ಯವನ್ನೂ ಪುರಾವೆಯಾಗಿಸುವ ಈ ಕಥನಸೂತ್ರವನ್ನು ಬಯಲುಮಾಡುವುದು ಜಾನಪದ ವಿಮರ್ಶೆಯ ಹೊಣೆ.