ಬೀಳುವುದರಲ್ಲೂ ಒಂದು ಬೆಡಗು

ಐಸ್ ಹಾಕಿಯ ಗೋಲಿ (ಗೋಲ್‌ಕೀಪರ್) ಡೊಮಿನಿಕ್ ಹಾಶೆಕ್‌ನ ಆಟವನ್ನು ಮೊದಲ ಸಲ ನೋಡಿದವರಿಗೆ, ಈತನಿಗೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲವೇನೋ ಅನ್ನಿಸಬೇಕು. ಧೊಪ್ಪನೆ ಬೀಳುತ್ತಾನೆ, ಅಂಗಾತ ಹೊರಳುತ್ತಾನೆ, ಮಲಗಿದಲ್ಲೇ ಕಾಲೆತ್ತಿ ಒದೆಯುತ್ತಾನೆ. ಪಕ್ ಎಂಬ ಆಟದ ಬಿಲ್ಲೆ ಮಾತ್ರ ಬಲೆ ಸೇರಿರುವುದಿಲ್ಲ.

ಅದೇ ಕಾಲದ ಪ್ಯಾಟ್ರಿಕ್ ರುವಾನ ಆಟ ಇದಕ್ಕೆ ತದ್ವಿರುದ್ಧ. ಮಂಡಿಯೂರಿ, ಎರಡೂ ಪ್ಯಾಡ್‌ಗಳನ್ನು ಚಿಟ್ಟೆಯ ರೆಕ್ಕೆಯಂತೆ ಅಗಲಿಸಿ ಗೋಲಿನ ತಳಭಾಗವನ್ನೆಲ್ಲ ಮುಚ್ಚಿಬಿಡುವ ಅಚ್ಚುಕಟ್ಟು ಅವನದು. ಎಳೆಯ ಗೋಲಿಗಳು ಕಲಿತದ್ದೂ ಅದನ್ನೇ. ಹಾಶೆಕ್‌ನನ್ನು ಅನುಕರಿಸುವುದು ಯಾರ ಕೈಲೂ ಆಗಲಿಲ್ಲ. ನನಗಂತೂ ಅವನ ಆ ಗಲಿಬಿಲಿಯೇ ಹೆಚ್ಚು ರುಚಿ.

ಗೋಲಿನ ಬಾಯಲ್ಲೇ ಪಕ್ ಉರುಳಾಡುತ್ತಿರುವ ಗಳಿಗೆಯನ್ನು ನೋಡಿ. ಬೇರೆ ಗೋಲಿಗಳಾದರೆ ಕೋಲಿನಿಂದ ತಳ್ಳಲು ತಡಕಾಡುತ್ತಾರೆ. ಹಾಶೆಕ್ ಕೋಲನ್ನೇ ಕೈಬಿಡುತ್ತಾನೆ! ಕೋಲು ಹಿಡಿದ ಕೈಯಿಂದ ಏನನ್ನೂ ಬಾಚಿಕೊಳ್ಳಲಾಗದು. ಬಿಟ್ಟರೆ ಆ ಕೈಯೂ ಕೆಲಸಕ್ಕೆ ಬಂತು. ಎದುರಾಳಿ ಹೊಡೆಯಲು ಕೋಲೆತ್ತುವಷ್ಟರಲ್ಲಿ ಆ 170 ಗ್ರಾಂ ರಬ್ಬರ್ ಬಿಲ್ಲೆ ಹಾಶೆಕ್‌ನ ಅಂಗೈ ಕೆಳಗೆ. ತರಬೇತುದಾರರು ಬೇಡವೆನ್ನುವುದನ್ನೇ ಮಾಡಿ, ಅದೇ ಸರಿ ಎಂದು ಒಪ್ಪಿಸಿಬಿಡುತ್ತಿದ್ದ.

ಒಪ್ಪಿಸಲು ವರ್ಷಗಳೇ ಹಿಡಿದವು ಅನ್ನಿ. ಜೆಕೊಸ್ಲೊವಾಕಿಯಾದ ಪಾರ್ದುಬಿತ್ಸೆಯಲ್ಲಿ 1965ರಲ್ಲಿ ಹುಟ್ಟಿದವನನ್ನು ಲೀಗಿನ ಹೊಸ ಆಟಗಾರರ ಆಯ್ಕೆಯಲ್ಲಿ ಶಿಕಾಗೊ ತಂಡ 1983ರಲ್ಲಿ ಆರಿಸಿಕೊಂಡಿತು, ಅದೂ 199ನೆಯವನಾಗಿ. ಅವನು ಅಮೆರಿಕಕ್ಕೆ ಹೋದದ್ದು 1990ರಲ್ಲಿ. ಅಲ್ಲಿ ಗೋಲಿಯಾಗಿ ಎಡ್ ಬೆಲ್ಫೋರ್ ಇದ್ದ; ಎರಡು ಋತುಗಳಲ್ಲಿ ಇವನಿಗೆ ದಕ್ಕಿದ್ದು 25 ಪಂದ್ಯ. 1992ರಲ್ಲಿ ಬಫಲೊಗೆ ಕೊಟ್ಟು ಕೈತೊಳೆದುಕೊಂಡರು. 1994ರ ಏಪ್ರಿಲ್ 27ರ ರಾತ್ರಿ ಅದೇ ಬಫಲೊದಲ್ಲಿ, ನ್ಯೂಜೆರ್ಸಿಯ ಎದುರು, ಪಂದ್ಯ ನಾಲ್ಕನೆಯ ಹೆಚ್ಚುವರಿ ಅವಧಿಗೆ ಎಳೆಯಿತು. ಹಾಶೆಕ್ 70 ಹೊಡೆತ ತಡೆದ, ಒಂದನ್ನೂ ಬಿಡಲಿಲ್ಲ. ತಂಡ 1–0ಯಿಂದ ಗೆದ್ದಿತು. ಮುಂದೆ 1997, 1998ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಅವನ ಪಾಲಾಯಿತು. ಎರಡು ಸಲ ಅದನ್ನು ಗೆದ್ದ ಗೋಲಿ ಇನ್ನೊಬ್ಬನಿಲ್ಲ. ಡೆಟ್ರಾಯಿಟ್ ತಂಡ, ಸ್ಟಾನ್ಲಿ ಕಪ್ ಗೆಲುವು ಎಲ್ಲ ಆಮೇಲಿನ ಮಾತು.

ಆದರೆ ರಸಿಕರು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು 1998ರ ನಗಾನೊ ಒಲಿಂಪಿಕ್ಸ್ ಸೆಮಿಫೈನಲ್ಲನ್ನು. ಒಂದು ತುದಿಗೆ ಹಾಶೆಕ್, ಇನ್ನೊಂದು ತುದಿಗೆ ಕೆನಡಾದ ರುವಾ. 1–1 ಸಮವಾಗಿ ಶೂಟೌಟ್‌ಗೆ ಬಂತು. ಜೆಕ್ ತಂಡದ ರಾಬರ್ಟ್ ರೈಖೆಲ್ ಒಂದು ಗೋಲು ಹೊಡೆದ. ಕೆನಡಾದ ಫ್ಲೂರಿ, ಬೋರ್ಕ್, ನ್ಯೂವೆಂಡೈಕ್, ಲಿಂಡ್ರೋಸ್, ಷಾನಹಾನ್ ಒಬ್ಬೊಬ್ಬರಾಗಿ ಬಂದು ಬರಿಗೈಲಿ ಹೋದರು. ವೇಯ್ನ್ ಗ್ರೆಟ್ಸ್‌ಕಿಯಂಥವನನ್ನು ಬೆಂಚಿನಲ್ಲೇ ಕೂರಿಸಿದ್ದು ಯಾಕೋ, ಕೆನಡಾದವರು ಇಂದಿಗೂ ಕೇಳುತ್ತಾರೆ. ಶೂಟೌಟ್‌ನಲ್ಲಿ ರುವಾ ಬಿಟ್ಟಿದ್ದು ಒಂದೇ ಒಂದು, ಅಷ್ಟಕ್ಕೇ ಸೋತ. ಫೈನಲ್‌ನಲ್ಲಿ ರಷ್ಯಾಕ್ಕೂ ಹಾಶೆಕ್ ಒಂದು ಗೋಲನ್ನೂ ಕೊಡಲಿಲ್ಲ.

ಈ ಗೆಲುವನ್ನೇ ವಸ್ತುವಾಗಿಸಿಕೊಂಡ ‘ನಗಾನೊ’ ಒಪೆರಾವನ್ನು ಪ್ರಾಗ್‌ನ ನ್ಯಾಷನಲ್ ಥಿಯೇಟರ್ 2004ರಲ್ಲಿ ರಂಗಕ್ಕೆ ತಂದಿತು. ಸಂಗೀತ ಮಾರ್ಟಿನ್ ಸ್ಮೋಲ್ಕಾನದು. ಅಷ್ಟೊಂದು ಹೊರಳಾಡುವ ಮನುಷ್ಯನನ್ನು ಹಾಡಿನಲ್ಲಿ ಹೇಗೆ ಹಿಡಿದರೋ, ಒಮ್ಮೆ ಕೇಳಬೇಕು.