ರಂಧ್ರಶಸ್ತ್ರಕ್ರಿಯೆಯ ಶಿಕ್ಷಣದಲ್ಲಿ ಬಿಂಬದ ಸ್ಥಾನ

ಉದರವನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆಯನ್ನೂ ಉಪಕರಣಗಳನ್ನೂ ಒಳಸೇರಿಸಿ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಕ್ರಿಯೆಯು ವೈದ್ಯಶಿಕ್ಷಣಕ್ಕೆ ಹೊಸದೊಂದು ಸಮಸ್ಯೆಯನ್ನು ತಂದೊಡ್ಡಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ಬಗೆಯಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದರು. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಅದನ್ನೇ ವೀಡಿಯೊ ಪರದೆಯನ್ನು ನೋಡುತ್ತ ನೆರವೇರಿಸಿದರು. ಅಂದಿನಿಂದ ಶಸ್ತ್ರವೈದ್ಯನ ಕಣ್ಣಿಗೂ ರೋಗಿಯ ಅಂಗಕ್ಕೂ ನಡುವೆ ಒಂದು ಬಿಂಬ ಬಂದು ನಿಂತಿದೆ. ಬಿಂಬವು ಉತ್ತಮಗೊಂಡಂತೆ ಕಲಿಕೆಯೂ ಉತ್ತಮಗೊಳ್ಳುವುದೆಂಬ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ನಂಬಿಕೆ ನಿರಾಧಾರವೇನೂ ಅಲ್ಲ. ಸಾಮಾನ್ಯ ಪರದೆಯ ಚಿತ್ರ ಚಪ್ಪಟೆಯಾದುದು; ಆಳವನ್ನು ನೆರಳಿನಿಂದಲೂ, ಒಂದು ವಸ್ತು ಮತ್ತೊಂದನ್ನು ಮರೆಮಾಡುವ ಬಗೆಯಿಂದಲೂ ಊಹಿಸಿಕೊಳ್ಳಬೇಕು. ಮೇಲಾಗಿ ಉಪಕರಣವು ರಂಧ್ರದ ಬಳಿ ಸನ್ನೆಗೋಲಿನಂತೆ ತಿರುಗುವುದರಿಂದ, ಕೈ ಬಲಕ್ಕೆ ಸರಿದರೆ ಅದರ ತುದಿ ಎಡಕ್ಕೆ ಸರಿಯುತ್ತದೆ. ಮೂರು ಆಯಾಮದ ಬಿಂಬವು ಈ ಎರಡು ತೊಡಕುಗಳಲ್ಲಿ ಮೊದಲನೆಯದನ್ನು ಹಗುರಗೊಳಿಸುತ್ತದೆ. 1998ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಹಾನ್ನಾ, ಶಿಮಿ, ಕುಶಿಯೆರಿ ಅವರು 60 ಪಿತ್ತಕೋಶ ಶಸ್ತ್ರಕ್ರಿಯೆಗಳಲ್ಲಿ ಎರಡೂ ಬಗೆಯ ಬಿಂಬಗಳನ್ನು ತುಲನೆ ಮಾಡಿದಾಗ ಅಂದಿನ ಯಂತ್ರದಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಅನಂತರ ಬಿಂಬದ ಸ್ಪಷ್ಟತೆ ಬಹಳವಾಗಿ ಹೆಚ್ಚಿತು. ಅಭ್ಯಾಸಪೆಟ್ಟಿಗೆಯ ಪ್ರಯೋಗಗಳಲ್ಲಿ ಹೊಸ ಕಲಿಕೆಗಾರರು ಕಡಮೆ ಕಾಲದಲ್ಲಿ, ಕಡಮೆ ತಪ್ಪುಗಳೊಡನೆ ಕೆಲಸ ಮುಗಿಸುವುದು ಅನೇಕ ಬಾರಿ ಕಂಡುಬಂದಿದೆ.

ಆದರೆ ಅಲ್ಲಿ ಅಳೆದುದು ಏನನ್ನು? ಒಂದು ಗೂಟದಿಂದ ಇನ್ನೊಂದಕ್ಕೆ ತುಣುಕನ್ನು ಸಾಗಿಸುವ, ದಾರವನ್ನು ಗಂಟುಹಾಕುವ ಚುರುಕನ್ನು. ಪೆಟ್ಟಿಗೆಯೊಳಗಿನ ಗೂಟ ಗೂಟವೇ. ಅದರ ಗುರುತಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ರೋಗಿಯ ದೇಹದಲ್ಲಾದರೋ ಸಂದೇಹವೇ ಮುಖ್ಯ. 2003ರಲ್ಲಿ ಅಮೆರಿಕದ ಲಾರೆನ್ಸ್ ವೇ ಮತ್ತು ಸಂಗಡಿಗರು ಪಿತ್ತನಾಳಕ್ಕೆ ಗಾಯವಾದ 252 ಪ್ರಸಂಗಗಳನ್ನು ವಿಶ್ಲೇಷಿಸಿ, ಶೇಕಡ 97ರಲ್ಲಿ ಮೂಲಕಾರಣ ದೃಷ್ಟಿಭ್ರಮೆಯೆಂದು ನಿರ್ಣಯಿಸಿದರು. ಕೈ ತಪ್ಪಲಿಲ್ಲ, ಮುಖ್ಯನಾಳವನ್ನೇ ಪಿತ್ತಕೋಶದ ನಾಳವೆಂದು ಕಣ್ಣು ನಂಬಿತು, ಕೈ ಅದನ್ನು ನಿಷ್ಠೆಯಿಂದ ಕತ್ತರಿಸಿತು. ತಪ್ಪಾಗಿ ಓದಿದ ಚಿತ್ರವು ಸ್ಪಷ್ಟವಾದಷ್ಟೂ ತಪ್ಪು ನಂಬಿಕೆ ದೃಢವಾಗಬಹುದೆಂಬುದು ನಮ್ಮ ಶಂಕೆ.

ಈ ಭ್ರಮೆಗೆ ಪರಿಹಾರವಾಗಿ 1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಸೂಚಿಸಿದ ನಿಯಮ ಯಂತ್ರದ್ದಲ್ಲ, ಶಿಸ್ತಿನದು. ಕೊಬ್ಬನ್ನೂ ನಾರನ್ನೂ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಎರಡೇ ರಚನೆಗಳು ಪಿತ್ತಕೋಶವನ್ನು ಸೇರುವುದನ್ನು ಕಂಡಲ್ಲದೆ ಕತ್ತರಿಸಬಾರದು. ಇದು ಕಂಡುದನ್ನು ಒಡನೆಯೇ ನಂಬದಿರುವ ಅಭ್ಯಾಸ.

ಆದುದರಿಂದ ಉತ್ತಮ ಬಿಂಬವನ್ನು ನಾವು ನಿರಾಕರಿಸುವುದಿಲ್ಲ; ಅದನ್ನು ಅಳೆಯುವ ಮಾನವನ್ನು ಆಕ್ಷೇಪಿಸುತ್ತೇವೆ. ವಿದ್ಯಾರ್ಥಿಯು ಎಷ್ಟು ನಿಮಿಷದಲ್ಲಿ ಮುಗಿಸಿದನೆಂಬುದರ ಜೊತೆಗೆ, ಕತ್ತರಿಸುವ ಮುನ್ನ ತಾನು ಕಂಡುದು ಏನು, ಹಾಗೆನ್ನಲು ಆಧಾರವೇನು ಎಂಬುದನ್ನು ಹೇಳಬಲ್ಲನೆ ಎಂದೂ ಪರೀಕ್ಷಿಸಬೇಕು. ಮೂರು ಆಯಾಮದಲ್ಲಿ ಕಲಿತವನು ಮುಂದೆ ಚಪ್ಪಟೆ ಪರದೆಯ ಮುಂದೆ ನಿಲ್ಲಬೇಕಾಗಬಹುದು. ಎರಡರಲ್ಲಿಯೂ ಅವನನ್ನು ಪಳಗಿಸುವುದು ಯುಕ್ತ. ಯಂತ್ರ ಕಾಣಿಸುತ್ತದೆ, ಕಂಡುದನ್ನು ಅರಿಯುವ ಹೊಣೆ ಕಲಿಯುವವನದು, ಕಲಿಸುವವನದು.